ರಬ್ಬರ್ ಸ್ಟ್ಯಾಂಪ್ ಕೆತ್ತಲು ಯಾವ ಉಳಿ, ಯಾವ ಅಲಗು?

ಹನ್ನೆರಡು ಉಳಿಗಳ ಅಗ್ಗದ ಸೆಟ್ ಬೇಡ. ಅದೇ ದುಡ್ಡಿಗೆ ಒಳ್ಳೆಯ ಅಲಗು ಮೂರೇ ಬಂದರೂ ಸಾಕು. ಅಂಥ ಸೆಟ್ಟುಗಳು ಹೆಚ್ಚಾಗಿ ಮರ ಕೆತ್ತಲೆಂದು ಮಾಡಿದವು, ಅಲಗು ದಪ್ಪ. ಮರ ಗಟ್ಟಿಯಾದ್ದರಿಂದ ಉಳಿಗೆ ಎದುರು ನಿಲ್ಲುತ್ತದೆ. ರಬ್ಬರ್ ಹಾಗಲ್ಲ, ಮೊಂಡು ಅಲಗು ತಾಗಿದರೆ ಮೊದಲು ಬಾಗುತ್ತದೆ, ಆಮೇಲೆ ಹರಿಯುತ್ತದೆ. ಅಂಚು ಇಲಿ ಕಡಿದ ಹಾಗಾಗುತ್ತದೆ. ಆದ್ದರಿಂದ ತೆಳು ಅಲಗು, ಚೂಪು ಮೊನೆ, ಇವೆರಡನ್ನೇ ನೋಡಿ ಕೊಳ್ಳಬೇಕು.

ಮೂರು ಅಲಗು ಎಂದರೆ ಒಂದು ವಿ ಉಳಿ (ಮೊನೆ V ಆಕಾರದ್ದು), ಒಂದು ಯು ಉಳಿ (ಮೊನೆ U ಆಕಾರದ್ದು), ಒಂದು ಚಾಕು.

ಗೆರೆಯ ಕೆಲಸವೆಲ್ಲ ವಿ ಉಳಿಯದು. ಸ್ಪೀಡ್‌ಬಾಲ್ ಕಂಪನಿಯ ಲಿನೋ ಕಟ್ಟರ್ ಎಂಬ ಕೆತ್ತುವ ಸಾಧನದ 1ನೇ ನಂಬರ್ ಅಲಗು ಶುರುಮಾಡುವವರಿಗೆ ಚೆನ್ನಾಗಿ ಹೊಂದುತ್ತದೆ. ಬೇರೆ ಕಂಪನಿಯದಾದರೆ ಕೋನ ನೋಡಿ. 60 ಡಿಗ್ರಿಯ ಉಳಿ 1 ಮಿ.ಮೀ. ಆಳಕ್ಕೆ ಇಳಿದರೆ ಮೇಲೆ ಸುಮಾರು 1.2 ಮಿ.ಮೀ. ಅಗಲದ ಕಾಲುವೆ ಬೀಳುತ್ತದೆ. 90 ಡಿಗ್ರಿಯದಾದರೆ ಅದೇ ಆಳಕ್ಕೆ 2 ಮಿ.ಮೀ. ಕೊಳ್ಳುವ ಮೊದಲು ನಿಮ್ಮ ಚಿತ್ರದಲ್ಲಿ ಎರಡು ಗೆರೆಗಳ ನಡುವಿನ ಅತಿ ಕಿರಿದಾದ ಜಾಗವನ್ನು ಸ್ಕೇಲಿನಿಂದ ಅಳೆಯಿರಿ. ಅದು 1.5 ಮಿ.ಮೀ. ಇದ್ದರೆ 90 ಡಿಗ್ರಿಯ ಉಳಿ ಪಕ್ಕದ ಗೆರೆಯನ್ನೇ ತಿನ್ನುತ್ತದೆ. ಕೆತ್ತುವಾಗ ಉಳಿಯ ಎರಡೂ ರೆಕ್ಕೆಗಳ ತುದಿ ರಬ್ಬರಿನ ಮೇಲೆ ಕಾಣುತ್ತಲೇ ಇರಬೇಕು. ರೆಕ್ಕೆ ಮುಳುಗಿತೆಂದರೆ ಮೇಲಿನ ಅಂಚು ಕತ್ತರಿಸುವುದಿಲ್ಲ, ಕಿತ್ತುಬರುತ್ತದೆ.

ಯು ಉಳಿ ಖಾಲಿ ಜಾಗ ತೆಗೆಯಲು. 3ರಿಂದ 5 ಮಿ.ಮೀ. ಅಗಲ ಸಾಕು. ಗೆರೆಯ ಪಕ್ಕದಲ್ಲಿ 1 ಮಿ.ಮೀ., ದೊಡ್ಡ ಬಯಲಿನಲ್ಲಿ 2 ಮಿ.ಮೀ. ಆಳ ತೆಗೆಯಿರಿ. ಬಯಲಿನ ನಡುವೆ ಆಳ ಕಡಿಮೆಯಾದರೆ ಒತ್ತಿದಾಗ ರಬ್ಬರ್ ಬಗ್ಗಿ ಅಲ್ಲೂ ಶಾಯಿ ಮೂಡುತ್ತದೆ.

ಚಾಕುವಿಗೆ ದೂರ ಹೋಗಬೇಕಿಲ್ಲ. ಮೆಡಿಕಲ್ ಶಾಪಿನಲ್ಲಿ 11ನೇ ನಂಬರ್ ಸರ್ಜಿಕಲ್ ಬ್ಲೇಡ್ ಕೇಳಿ, ಅದಕ್ಕೆ 3ನೇ ನಂಬರ್ ಹಿಡಿ ಕೂರುತ್ತದೆ. ಬ್ಲೇಡ್ ತೆಗೆಯುವಾಗ ಬೆರಳು ಬಳಸಬೇಡಿ, ಇಕ್ಕಳದಿಂದ ಹಿಡಿದು ಎಳೆಯಿರಿ. ಚಾಕುವನ್ನು ನೆಟ್ಟಗೆ ಇಳಿಸುವಂತಿಲ್ಲ. ಗೆರೆಯ ಬುಡ ತಲೆಗಿಂತ ಅಗಲವಾಗಿ ಉಳಿಯುವಂತೆ ಓರೆಯಾಗಿ ಇಳಿಸಬೇಕು. ಬುಡ ಸಣ್ಣದಾದರೆ ಹತ್ತಿಪ್ಪತ್ತು ಸಲ ಒತ್ತುವಷ್ಟರಲ್ಲಿ ಗೆರೆ ಮಲಗಿಬಿಡುತ್ತದೆ.

ಕನ್ನಡ ಅಕ್ಷರ ಕೆತ್ತುವವರಿಗೆ ಇದು ಮುಖ್ಯ, ನಮ್ಮ ಲಿಪಿಯ ತುಂಬ ಸುತ್ತುಗಳೇ. ‘ಠ’ ತೆಗೆದುಕೊಳ್ಳಿ. ಹೊಟ್ಟೆಯೊಳಗೆ ಒಂದು ಚುಕ್ಕೆ ಒಂಟಿಯಾಗಿ ನಿಲ್ಲಬೇಕು. ಮೊದಲು ಚಾಕುವಿನ ಮೊನೆಯನ್ನು ಚುಕ್ಕೆಯ ಅಂಚಿಗಿಟ್ಟು, ಹಿಡಿಯನ್ನು ಚುಕ್ಕೆಯ ಕಡೆಗೆ ವಾಲಿಸಿ, ಚಾಕುವನ್ನು ಅಲ್ಲಾಡಿಸದೆ ರಬ್ಬರನ್ನೇ ಒಂದು ಸುತ್ತು ತಿರುಗಿಸಿ. ಚುಕ್ಕೆ ಪುಟ್ಟ ಗುಡ್ಡದ ಆಕಾರದಲ್ಲಿ ಉಳಿಯುತ್ತದೆ. ಆಮೇಲೆ ಹೊಟ್ಟೆಯ ಒಳಗೋಡೆಗೂ ಹಾಗೇ, ವಾಲಿಕೆ ಮಾತ್ರ ಹೊರಕ್ಕೆ. ಎರಡು ಕಡಿತಗಳೂ ಕೆಳಗೆ ಕೂಡಿದರೆ ನಡುವಿನ ಬಳೆ ಇಡಿಯಾಗಿ ಎದ್ದುಬರುತ್ತದೆ. ಬರದಿದ್ದರೆ ಎಳೆಯಬೇಡಿ, ಚುಕ್ಕೆಯೂ ಜೊತೆಗೆ ಬರುತ್ತದೆ. ಇನ್ನೊಂದು ಸುತ್ತು ಚಾಕು ಹಾಯಿಸಿ. ಅಕ್ಷರ 12 ಮಿ.ಮೀ. ಎತ್ತರಕ್ಕಿಂತ ಚಿಕ್ಕದಾದರೆ ಹೊಸಬರಿಗೆ ಇದು ಕಷ್ಟ.

ಅಂಗಡಿಯಲ್ಲೇ ಉಳಿಯ ಮೊನೆಯನ್ನು ಬೆಳಕಿಗೆ ಹಿಡಿದು ನೋಡಿ. ಕತ್ತರಿಸುವ ಅಂಚಿನಲ್ಲಿ ಬಿಳಿ ಮಿನುಗು ಕಂಡರೆ ಅಲ್ಲಿ ಮೊಂಡು. ವಿ ಉಳಿಯಲ್ಲಿ ಎರಡು ರೆಕ್ಕೆ ಸೇರುವ ಜಾಗವೇ ಹೆಚ್ಚಾಗಿ ಕೈಕೊಡುವುದು. ಸಾಧ್ಯವಾದರೆ ಒಂದು ಅಳಿಸುವ ರಬ್ಬರಿನ ಮೇಲೆ ಎಳೆದು ನೋಡಿ: ಸುರುಳಿ ಶಾವಿಗೆಯ ಹಾಗೆ ಒಂದೇ ಎಳೆಯಾಗಿ ಬಂದರೆ ಸರಿ, ಪುಡಿಪುಡಿಯಾದರೆ ಬಿಟ್ಟುಬಿಡಿ. ರಬ್ಬರೂ ಹಳೆಯದಿರಬಾರದು ಅನ್ನಿ, ಬಗ್ಗಿಸಿದಾಗ ಬಿರುಕು ಬಿಡುವ ರಬ್ಬರಿನಲ್ಲಿ ಎಂಥ ಉಳಿಯೂ ಪುಡಿಯನ್ನೇ ತೆಗೆಯುತ್ತದೆ.

ಮಸೆಯಲು 2000 ಗ್ರಿಟ್‌ನ ವಾಟರ್ ಪೇಪರ್, ಹಳೆಯ ಚರ್ಮದ ಬೆಲ್ಟು, ಅದಕ್ಕೆ ಸವರಲು ಹಸಿರು ಪಾಲಿಶ್ ಸಾಬೂನು ಸಾಕು. ಪೇಪರನ್ನು ಗಾಜಿನ ಮೇಲಿಟ್ಟು, ಉಳಿಯ ಹೊರಮೈಯ ಓರೆ ಪೂರ್ತಿ ತಾಗುವಂತೆ ಹಿಂದಕ್ಕೆ ಎಳೆಯಿರಿ. ಮಸೆದಾಗ ಒಳಅಂಚಿನಲ್ಲಿ ಏಳುವ ಲೋಹದ ಸಣ್ಣ ಎಳೆ ಹೋಗಲು ಚರ್ಮವನ್ನು ಮಡಚಿ ಅದರ ಅಂಚನ್ನು ಒಳಗೆ ಒಂದೆರಡು ಸಲ ಹಾಯಿಸಿ. ಅರ್ಧ ಗಂಟೆಗೊಮ್ಮೆ ಬೆಲ್ಟಿನ ಮೇಲೆ ಹತ್ತು ಸಲ ಎಳೆದರೆ ಪೇಪರಿನ ಕೆಲಸ ಅಪರೂಪಕ್ಕೆ ಬೀಳುತ್ತದೆ.

ಕೆಲಸ ಮುಗಿದ ಮೇಲೆ ಮೊನೆಗೆ ಬೆಂಡಿನ ಚೂರು ಚುಚ್ಚಿಡಿ. ಕೆತ್ತಿದ ಸ್ಟ್ಯಾಂಪನ್ನು ಪ್ಲಾಸ್ಟಿಕ್ ಡಬ್ಬಿಗೆ ಹಾಗೇ ಹಾಕಬೇಡಿ. ಬಿಳಿ ವಿನೈಲ್ ರಬ್ಬರಿನಲ್ಲಿರುವ ಮೆದುಕಾರಕ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸಿ ಎರಡೂ ಅಂಟಿಕೊಳ್ಳುತ್ತವೆ. ಕಾಗದದಲ್ಲಿ ಸುತ್ತಿಟ್ಟರೆ ಆ ತೊಂದರೆಯಿಲ್ಲ.