ಮೀನಿನ ಬುಟ್ಟಿಯ ಬೆನ್ನು ಹತ್ತಿ

ಊಟದ ಹೋಟೆಲು ಹುಡುಕಲು ಬೆಳಗಿನ ಜಾವ ಮೂರೂವರೆಗೆ ಏಳುವ ಮನುಷ್ಯ ಇಡೀ ಮುಂಬಯಿಯಲ್ಲಿ ನಾನೊಬ್ಬನೇ ಎಂದು ನಮ್ಮ ಭಾವ ಡೊಂಬಿವಲಿಯಿಂದ ಬೋರಿವಲಿಯವರೆಗಿನ ನೆಂಟರಿಗೆಲ್ಲ ಹೇಳಿಕೊಂಡು ನಕ್ಕಿದ್ದರು. ಹೋದ ಫೆಬ್ರವರಿಯಿಂದ ಆ ನಗು ನಿಂತಿದೆ. ಅದಕ್ಕೇ ಈಗ ಬರೆಯುವ ಧೈರ್ಯ.

ಮೊದಲ ಎರಡು ವರ್ಷ ನಾನೂ ಮೊಬೈಲಿನಲ್ಲಿ ಸ್ಟಾರ್ ಎಣಿಸಿಯೇ ಹೋಗುತ್ತಿದ್ದವನು. ಬಾಂದ್ರಾದ ಒಂದು ಕಡೆ ಇಬ್ಬರ ಊಟಕ್ಕೆ ಆರು ಸಾವಿರದ ಎಂಟುನೂರೋ ಏನೋ ತೆತ್ತೆ. ಬೊಂಬಿಲ್ ಮೀನಿನ ಮೇಲೆ ಸೋಪಿನ ನೊರೆಯಂಥದ್ದು ಕೂತಿತ್ತು. ಮನೆಗೆ ಬಂದು ಇವಳು ಗಂಜಿ, ಮಿಡಿ ಉಪ್ಪಿನಕಾಯಿ ಬಡಿಸಿದ ಮೇಲೇ ಹೊಟ್ಟೆ ತುಂಬಿದ್ದು. ಹೀಗೆ ನೀರಿಗೆ ಹಾಕಿದ ದುಡ್ಡು ನಲವತ್ತು ಸಾವಿರಕ್ಕೆ ಕಡಿಮೆ ಇರಲಿಕ್ಕಿಲ್ಲ.

ಸಸ್ಯಾಹಾರಕ್ಕೆ ಈ ತಾಪತ್ರಯವಿಲ್ಲ, ಮಾಟುಂಗಾಕ್ಕೆ ಹೋದರಾಯಿತು. ರಾಮಾ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ 1942ರಿಂದ ಊಟ ನಡೆದಿದೆ. ಬಾಳೆ ಎಲೆಯ ಮೇಲೆ ಸಾರು ಓಡುವ ಮೊದಲು ಅನ್ನದ ಕಟ್ಟೆ ಕಟ್ಟುವುದಷ್ಟೇ ನಮ್ಮ ಕೆಲಸ. ಮೀನಿನ ಕತೆ ಬೇರೆ.

ತಿನ್ನುವವರನ್ನು ಬಿಟ್ಟು ಮಾರುವವರನ್ನು ಕೇಳಬೇಕು ಎಂದು ಹೊಳೆದದ್ದು ಆಮೇಲೆ. ಮೊದಲ ಲೋಕಲ್ ಹಿಡಿದು ಚರ್ಚ್‌ಗೇಟ್, ಅಲ್ಲಿಂದ ಟ್ಯಾಕ್ಸಿಯಲ್ಲಿ ಕೊಲಾಬಾದ ಸಸೂನ್ ಡಾಕ್. 1875ರ ಧಕ್ಕೆ ಅದು. ಕಾಲಿಟ್ಟ ಎರಡೇ ನಿಮಿಷಕ್ಕೆ ಚಪ್ಪಲಿಯೊಳಗೆ ಐಸ್ ನೀರು. ಕೋಳಿಣಿಯರು (ನಮ್ಮ ಕೋಳಿಗೂ ಅವರಿಗೂ ಸಂಬಂಧವಿಲ್ಲ, ಇಲ್ಲಿಯ ಮೂಲ ಮೀನುಗಾರರು) ಮೊದಮೊದಲು ಬೈದು ಅಟ್ಟಿದರು. ಬಂದಾಗೆಲ್ಲ ಅರ್ಧ ಕಿಲೋ ಸಿಗಡಿ ಕೊಂಡು, ‘ಮಾವಶಿ’ (ಚಿಕ್ಕಮ್ಮ) ಎಂದು ಕರೆದು, ಎರಡು ತಿಂಗಳು ಕಳೆದ ಮೇಲೆ ಒಬ್ಬಾಕೆ ಬಾಯಿ ಬಿಟ್ಟಳು: ಯಾವ ಹೋಟೆಲಿನ ಹುಡುಗ ಮೊದಲ ಬುಟ್ಟಿಗೆ ಕೈ ಹಾಕುತ್ತಾನೆ, ಯಾವನು ಎಂಟು ಗಂಟೆಗೆ ರೇಟು ಬಿದ್ದ ಮೇಲೆ ಬರುತ್ತಾನೆ. ಎಂಟರವನ ಹೋಟೆಲನ್ನು ಅಲ್ಲೇ ನನ್ನ ಪಟ್ಟಿಯಿಂದ ಹೊಡೆದುಹಾಕಿದೆ. ಅವಳನ್ನು ಇನ್ನೂ ಎರಡು ಪ್ರಶ್ನೆ ಕೇಳುತ್ತೇನೆ, ಅದು ಮಾತ್ರ ಇಲ್ಲಿ ಬೇಡ.

ಆದರೂ ಮೊದಲ ಮೂರು ಹೋಟೆಲುಗಳಲ್ಲಿ ಮುಗ್ಗರಿಸಿದೆ. ಅಂಜಲ್ ತಾಜಾ ಇತ್ತು, ಅದಕ್ಕೆ ಬೆಳ್ಳುಳ್ಳಿ ಪೇಸ್ಟು, ಕೆಂಪು ಬಣ್ಣ ಬಳಿದು ಮೀನು ಯಾವುದೆಂದೇ ತಿಳಿಯದ ಹಾಗೆ ಮಾಡಿದ್ದರು. ಇನ್ನೊಂದು ಕಡೆ ರವೆಯ ಅಂಗಿ ಎಷ್ಟು ದಪ್ಪವೆಂದರೆ ಒಳಗಿನ ಕಾಣೆ ಮೀನು ಪೆನ್ಸಿಲ್ ಕಡ್ಡಿ. ಖರೀದಿ ನೋಡಿದರೆ ಸಾಲದು, ಬಾಣಲೆಯನ್ನೂ ನೋಡಬೇಕು. ಈಗ ಮೊದಲ ಸಲ ಹೋದಲ್ಲಿ ಫ್ರೈ ಹೇಳುವುದೇ ಇಲ್ಲ. ಬಂಗುಡೆ ಮೀನಿನ ಪುಳಿಮುಂಚಿ (ಹುಳಿ-ಖಾರದ ಸಾರು), ಕುಚ್ಚಲಕ್ಕಿ ಅನ್ನ, ಅಷ್ಟೇ. ಹುಣಸೆ, ಬ್ಯಾಡಗಿ ಮೆಣಸು ಎರಡೂ ಅಳತೆ ತಪ್ಪದೆ ಬಿದ್ದಿದ್ದರೆ ಬಾಕಿಯದ್ದೂ ಚೆನ್ನಾಗಿರುತ್ತದೆ.

ಮಳೆಗಾಲದ ಪರೀಕ್ಷೆ ಇದಕ್ಕಿಂತ ಸುಲಭ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಒಳಗೆ ಹೋಗಿ ‘ಇವತ್ತಿನ ಅಂಜಲ್ ಉಂಟಾ?’ ಎಂದು ಕೇಳಿ. ತಲೆ ಆಡಿಸಿ ‘ಇಲ್ಲ, ಒಣ ಸಿಗಡಿ ಚಟ್ನಿ ಉಂಟು’ ಎಂದವನ ಹೆಸರು ನನ್ನ ಪಟ್ಟಿಗೆ ಸೇರುತ್ತದೆ.

ನಡುವೆ ವೈನಿನ ಹುಚ್ಚೂ ಹಿಡಿಯಿತು. ನಾನು ಹೋಗುವಂಥ ಊಟದ ಹೋಟೆಲುಗಳಲ್ಲಿ ಅದೆಲ್ಲ ಸಿಗದು, ಹಾಗಾಗಿ ಮನೆಯಲ್ಲೇ ಪ್ರಯೋಗ. ಬಾಟಲಿಗೆ ಸಾವಿರದ ಆಸುಪಾಸು, ಎಲ್ಲ ನಾಸಿಕದ್ದೇ. ಕೆಂಪು ವೈನಿನ ಜೊತೆ ಬಂಗುಡೆ ತಿಂದರೆ ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗೆ. ಒಂದು ಇಡೀ ಬಾಟಲಿ ಸಿಂಕಿಗೆ ಹೋಯಿತು, ಇವಳು ಎರಡು ದಿನ ಮಾತು ಬಿಟ್ಟಳು. ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನು ಮಾತ್ರ ಕೈಹಿಡಿಯಿತು. ಅದರ ತುಸು ಸಿಹಿ ಕೋರಿ ಗಸಿಯ (ಕೋಳಿ ಸಾರಿನ) ಖಾರವನ್ನು ಮೆತ್ತಗೆ ಅಡಗಿಸುತ್ತದೆ. ನೀರುದೋಸೆ ಇರಲೇಬೇಕು.

ಗೋವಾದಲ್ಲಿ ಬುಟ್ಟಿಯ ಬದಲು ಸೈಕಲ್ಲಿನ ಬೆನ್ನು ಹತ್ತಿದೆ. ಮಾಪುಸಾದ ಹತ್ತಿರ ಹಾರನ್ನು ಒತ್ತುತ್ತ ಬರುವ ಪೊದೇರ್, ಅಂದರೆ ಬ್ರೆಡ್ಡಿನವನು, ಬೆಳಿಗ್ಗೆ ಯಾವ ಅಡುಗೆಮನೆಗೆ ಹೆಚ್ಚು ಪೊಯಿ (ಅಲ್ಲಿಯ ಬ್ರೆಡ್ಡು) ಹಾಕುತ್ತಾನೆಂದು ನೋಡಿದೆ. ಬಾಡಿಗೆ ಸ್ಕೂಟರಿನಲ್ಲಿ ಒಂದು ತಾಸು ಅವನ ಹಿಂದೆ ಸುತ್ತಿ ಸಿಕ್ಕಿದ್ದು ಆರು ಮೇಜಿನ ಒಂದು ಮನೆ. ಬಂಗುಡೆ ಸಾರಿಗೆ ಅಜ್ಜಿ ತೆಪ್ಪಲವೆಂಬ ಮಸಾಲೆ ಕಾಯನ್ನು ಅರೆಯದೆ, ಬೀಜ ತೆಗೆದ ಸಿಪ್ಪೆಯನ್ನು ಬರೇ ಜಜ್ಜಿ ಹಾಕಿದ್ದಳು. ತುದಿ ನಾಲಿಗೆ ಜುಮ್ಮೆಂದು ಮರಗಟ್ಟಿತು. ಊಟ ನೂರೆಂಬತ್ತೋ ಇನ್ನೂರೋ ಆಗಿರಬೇಕು. ಏಪ್ರಿಲ್ ತಿಂಗಳು, ಕಿಟಕಿಯ ಬದಿಯಲ್ಲಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಉರ್ರಾಕ್ ಇತ್ತು. ಗೋಡಂಬಿ ಹಣ್ಣಿನ ರಸದ ಮೊದಲ ಬಟ್ಟಿ ಅದು. ಮತ್ತೊಮ್ಮೆ ಬಟ್ಟಿ ಇಳಿಸಿದರೆ ಫೆಣಿ. ಲಿಂಬು, ಸೀಳಿದ ಹಸಿಮೆಣಸು ಹಾಕಿ ಕುಡಿದೆ. ಮುಂಬಯಿಗೆ ಒಂದು ಬಾಟಲಿ ತರುವ ಯೋಚನೆ ಬಂತು. ಉರ್ರಾಕ್ ಇಟ್ಟುಕೊಳ್ಳುವ ಸರಕಲ್ಲ, ಕುಡಿದು ಹೋಗು ಎಂದಳು ಅಜ್ಜಿ.

ಫೆಬ್ರವರಿಯ ಆ ಶನಿವಾರ ಭಾವನನ್ನೂ ಅಕ್ಕನನ್ನೂ ಮುಂಬಯಿಯ ಫೋರ್ಟಿನ ಒಂದು ಸಂದಿಗೆ ಕರೆದುಕೊಂಡು ಹೋದೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಾಳೆಯಿಂದ ನನಗೇ ಜಾಗ ಸಿಗದು. ನಾವು ನಾಲ್ವರು, ಗಂಟೆ ಒಂದೂಕಾಲು, ಬೋರ್ಡು ಅರ್ಧ ಕಿತ್ತುಹೋಗಿತ್ತು. ಭಾವ ಮೂಗು ಮುರಿದು ಕೂತರು. ಕಾಣೆ ಬಂತು, ರವೆ ಇದೆಯೋ ಇಲ್ಲವೋ ಎಂಬಷ್ಟು ತೆಳ್ಳಗೆ. ಭಾವ ತಲೆಯಿಂದ ಬಾಲದವರೆಗೆ ಮುಳ್ಳನ್ನು ಒಂದೇ ಎಳೆತಕ್ಕೆ ಕಿತ್ತು ತಟ್ಟೆಯ ಅಂಚಿಗೆ ಇಟ್ಟರು, ಬಾಚಣಿಗೆಯ ಹಾಗೆ ಇಡೀ ಇತ್ತು. ಹತ್ತು ನಿಮಿಷ ಮಾತಿಲ್ಲ. ಆಮೇಲೆ, ‘ಇನ್ನೊಂದು ಪ್ಲೇಟು ಹೇಳು ಮಾರಾಯ’ ಎಂದರು.

ಹುಡುಗ ಬಂದ. ‘ಕಾಣೆ ಮುಗೀತು. ನಾಳೆ ಬನ್ನಿ.’

ನನ್ನ ಮೇಲೆ ಭಾವ ಆ ದಿನ ಸಿಟ್ಟಾದಷ್ಟು ಹಿಂದೆಂದೂ ಆಗಿರಲಿಲ್ಲ.