ತೋಟದಿಂದ ಪೇಟೆಯ ಸರ್ವರ್‌ಗೆ: ರಿಮೋಟ್ ಡೆಸ್ಕ್‌ಟಾಪ್ ಹಾಕುವ ಬಗೆ

ನಾನು ಚಿಕ್ಕಮಗಳೂರಿನಲ್ಲಿ ಕಾಫಿ ವ್ಯಾಪಾರಿಗಳ, ಎಸ್ಟೇಟ್ ಆಫೀಸುಗಳ ಕಂಪ್ಯೂಟರ್ ನೋಡಿಕೊಳ್ಳುತ್ತೇನೆ. ಅರೇಬಿಕಾ ಕೊಯ್ಲು ಶುರುವಾಯಿತು ಅಂದರೆ ಬರುವ ಫೋನೆಲ್ಲ ಹೆಚ್ಚುಕಮ್ಮಿ ಒಂದೇ ವಿಷಯದ್ದು. ಲೆಕ್ಕವೆಲ್ಲ ಇರುವ ಸರ್ವರ್ ಪೇಟೆಯ ಆಫೀಸಿನಲ್ಲಿದೆ. ತೋಟದ ಹಾಜರಿ ಬರೆಯುವ ರೈಟ್ರು ಮಲ್ಲಂದೂರು ಕಡೆ ತೋಟದಲ್ಲಿದ್ದಾರೆ. ಲೆಕ್ಕ ನೋಡುವವರು ಹಾಸನದಲ್ಲಿ, ಸಾಹುಕಾರರು ಬೆಂಗಳೂರಿನಲ್ಲಿ. ವಾರದ ಬಟವಾಡೆ ಹತ್ತಿರ ಬಂದಿದೆ, ಎಲ್ಲರಿಗೂ ಅದೇ ಚೆಕ್‌ರೋಲ್, ಅಂದರೆ ಕೆಲಸಗಾರರ ಹಾಜರಿ, ಕೂಲಿಯ ಪಟ್ಟಿ ಬೇಕು. ಅದಕ್ಕೆ ನಾನು ಹಾಕಿಕೊಡುವುದು ರಿಮೋಟ್ ಡೆಸ್ಕ್‌ಟಾಪ್, ದೂರದಿಂದಲೇ ಸರ್ವರ್ ಪರದೆ ತೆರೆದು ಕೆಲಸ ಮಾಡುವ ವ್ಯವಸ್ಥೆ.

ಸರ್ವರ್‌ನಲ್ಲಿರುವ ಫೋಲ್ಡರನ್ನು ಶೇರ್ ಮಾಡಿ ತೋಟದಿಂದಲೇ ತೆರೆದರೆ ಸಾಲದಾ ಅಂತ ಕೇಳುವವರಿದ್ದಾರೆ. ದಯವಿಟ್ಟು ಬೇಡ. ಹಾಗೆ ಮಾಡಿದರೆ ಡೇಟಾ ಫೈಲೇ ಲೈನಿನ ಮೇಲೆ ಓಡಾಡುತ್ತದೆ. ಬರೆಯುತ್ತಿರುವಾಗ ಲೈನ್ ಕಡಿದರೆ ಫೈಲ್ ಕೆಟ್ಟುಹೋಗಬಹುದು. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಈ ಕಡೆಗೆ ಬರುವುದು ಪರದೆಯ ಚಿತ್ರ, ಆ ಕಡೆಗೆ ಹೋಗುವುದು ಕೀಬೋರ್ಡು, ಮೌಸಿನ ಒತ್ತು, ಅಷ್ಟೇ. ಲೆಕ್ಕ ಸರ್ವರ್ ಬಿಟ್ಟು ಕದಲುವುದಿಲ್ಲ. ರೈಟ್ರು ನಲವತ್ತನೇ ಹೆಸರಿಗೆ ಹಾಜರಿ ಹಾಕುತ್ತಿರುವಾಗ ನೆಟ್ ಹೋಯಿತು ಅಂದುಕೊಳ್ಳಿ. ಲೈನ್ ಬಂದ ಮೇಲೆ ಮತ್ತೆ ಕನೆಕ್ಟ್ ಆದರೆ ಕರ್ಸರ್ ಅದೇ ನಲವತ್ತನೇ ಹೆಸರಿನ ಮೇಲೆ ಮಿನುಗುತ್ತಿರುತ್ತದೆ. ಮಳೆಗಾಲದಲ್ಲಿ ಲೈನ್ ಬಂದುಹೋಗಿ ಮಾಡುವ ನಮ್ಮ ಕಡೆಗೆ ಇದಕ್ಕಿಂತ ಹೊಂದುವ ವ್ಯವಸ್ಥೆ ನಾನು ಕಂಡಿಲ್ಲ.

ಮೊದಲು ಸರ್ವರ್ ಮೇಲೆ ಯಾವ ವಿಂಡೋಸ್ ಇದೆ ನೋಡಿ. ವಿಂಡೋಸ್ ಹೋಮ್ ಇದ್ದರೆ ಅದಕ್ಕೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಬರುವುದೇ ಇಲ್ಲ, ಪ್ರೊ ಬೇಕು ಅಥವಾ ವಿಂಡೋಸ್ ಸರ್ವರ್ ಬೇಕು. ಸರ್ವರ್ 2012 ಆರ್2 ಓಡಿಸುತ್ತಿದ್ದರೆ ಅದರ ಬೆಂಬಲ 2023ರ ಅಕ್ಟೋಬರಿನಲ್ಲೇ ಮುಗಿದಿದೆ. 2016ರದ್ದು 2027ರ ಜನವರಿವರೆಗೆ. ಹಳೆಯದರ ಮೇಲೆ ಹೊಸ ದಾರಿ ತೆರೆಯಬೇಡಿ. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಅನ್ನುವ ದೋಷ ಹೊರಬಂತು. ಪಾಸ್‌ವರ್ಡೇ ಇಲ್ಲದೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಒಳಗೆ ನುಗ್ಗಬಹುದಾಗಿತ್ತು. ಎಷ್ಟು ದೊಡ್ಡ ವಿಷಯ ಅಂದರೆ, ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಪ್ಯಾಚ್, ಅಂದರೆ ದೋಷ ಮುಚ್ಚುವ ಅಪ್‌ಡೇಟ್ ಕೊಟ್ಟಿತು.

ಆನ್ ಮಾಡುವುದು ಸುಲಭ. ಸರ್ವರ್ ಮ್ಯಾನೇಜರ್ ತೆರೆದು ಎಡಗಡೆ ಲೋಕಲ್ ಸರ್ವರ್ ಒತ್ತಿ. ರಿಮೋಟ್ ಡೆಸ್ಕ್‌ಟಾಪ್ ಎದುರಿಗೆ ಡಿಸೇಬಲ್ಡ್ ಅಂತ ನೀಲಿ ಅಕ್ಷರದಲ್ಲಿ ಇರುತ್ತದೆ, ಅದನ್ನು ಒತ್ತಿದರೆ ಸಿಸ್ಟಮ್ ಪ್ರಾಪರ್ಟೀಸ್ ಬರುತ್ತದೆ. ಅಲ್ಲಿ ಅಲೋ ರಿಮೋಟ್ ಕನೆಕ್ಷನ್ಸ್ ಆರಿಸಿ. ಅದರ ಕೆಳಗೆ ನೆಟ್‌ವರ್ಕ್ ಲೆವೆಲ್ ಅಥೆಂಟಿಕೇಶನ್ ಅಂತ ಒಂದು ಟಿಕ್ ಇದೆ, ಅದನ್ನು ತೆಗೆಯಬೇಡಿ. ಪರದೆ ತೋರಿಸುವ ಮೊದಲೇ ಹೆಸರು, ಪಾಸ್‌ವರ್ಡ್ ಕೇಳುವುದು ಅದೇ. ಹಳೆ ಕಂಪ್ಯೂಟರಿನಿಂದ ಬರುತ್ತಿಲ್ಲ ಅಂತ ಅದನ್ನು ತೆಗೆದುಬಿಡುವವರಿದ್ದಾರೆ. ಬದಲಾಯಿಸಬೇಕಾದ್ದು ಹಳೆ ಕಂಪ್ಯೂಟರನ್ನು.

ಅಲ್ಲೇ ಸೆಲೆಕ್ಟ್ ಯೂಸರ್ಸ್ ಒತ್ತಿ, ಹೊರಗಿನಿಂದ ಬರಬೇಕಾದವರ ಹೆಸರನ್ನಷ್ಟೇ ಸೇರಿಸಿ. ರೈಟ್ರಿಗೆ ಒಂದು ಅಕೌಂಟ್, ಅಕೌಂಟೆಂಟಿಗೆ ಇನ್ನೊಂದು. ಎಲ್ಲರೂ ಅಡ್ಮಿನಿಸ್ಟ್ರೇಟರ್ ಅಂತ ಒಂದೇ ಹೆಸರಿನಲ್ಲಿ ಬಂದರೆ ಚೆಕ್‌ರೋಲಿನಲ್ಲಿ ಯಾರು ಏನು ತಿದ್ದಿದರು ಅಂತ ಗೊತ್ತಾಗುವುದಿಲ್ಲ, ಕೊನೆಗೆ ಯಾರ ಮೇಲೋ ಅನುಮಾನ ಬರುತ್ತದೆ. ಕೂಲಿ ಲೆಕ್ಕದ ವಿಷಯದಲ್ಲಿ ಹಾಗಾಗಬಾರದು ಅಲ್ವಾ? ನೋಡಿಕೊಳ್ಳುವವರಿಗೂ ಬೇರೆ ಹೆಸರಿನ ಅಡ್ಮಿನ್ ಅಕೌಂಟ್ ಮಾಡಿ, ಮೊದಲಿನಿಂದ ಇರುವ ಅಡ್ಮಿನಿಸ್ಟ್ರೇಟರನ್ನು ಡಿಸೇಬಲ್ ಮಾಡಿ. ಆ ಹೆಸರು ಪ್ರಪಂಚಕ್ಕೆಲ್ಲ ಗೊತ್ತು. ಆಮೇಲೆ ಲೋಕಲ್ ಸೆಕ್ಯೂರಿಟಿ ಪಾಲಿಸಿಯಲ್ಲಿ ಅಕೌಂಟ್ ಲಾಕ್‌ಔಟ್ ಪಾಲಿಸಿಗೆ ಹೋಗಿ, ಹತ್ತು ಸಲ ತಪ್ಪು ಪಾಸ್‌ವರ್ಡ್ ಹಾಕಿದರೆ ಹತ್ತು ನಿಮಿಷ ಲಾಕ್ ಆಗುವಂತೆ ಇಡಿ.

ಈಗ ಹೊರಗಿನಿಂದ ಬರುವ ದಾರಿ. ರಿಮೋಟ್ ಡೆಸ್ಕ್‌ಟಾಪ್ ಬಳಸುವ ಪೋರ್ಟ್, ಅಂದರೆ ಸರ್ವರ್ ಒಳಗೆ ಬರುವ ಬಾಗಿಲಿನ ನಂಬರ್, 3389. ರೂಟರಿನಲ್ಲಿ ಆ ಪೋರ್ಟನ್ನು ಸರ್ವರ್‌ಗೆ ಫಾರ್ವರ್ಡ್ ಮಾಡಿದರೆ ಕೆಲಸ ಆಗಿಹೋಗುತ್ತದೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ. ನಾನು ಯಾರಿಗೂ ಹಾಗೆ ಮಾಡಿಕೊಡುವುದಿಲ್ಲ. ಇಂಟರ್ನೆಟ್ಟಿನಲ್ಲಿ ತೆರೆದಿರುವ 3389 ಹುಡುಕುತ್ತಲೇ ಇರುವ ಪ್ರೋಗ್ರಾಮುಗಳಿವೆ, ಸಿಕ್ಕಿದ ತಕ್ಷಣ ಹಗಲು ರಾತ್ರಿ ಪಾಸ್‌ವರ್ಡ್ ಊಹಿಸುತ್ತಾ ಕೂರುತ್ತವೆ. ಪೋರ್ಟ್ ನಂಬರ್ ಬದಲಾಯಿಸಿದರೂ ಜಾಸ್ತಿ ದಿನ ಬಚ್ಚಿಡಲಾಗುವುದಿಲ್ಲ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಒಳಗೆ ಬರುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ಬೆಳಿಗ್ಗೆ ಆಫೀಸ್ ತೆರೆದಾಗ ಫೈಲುಗಳಿಗೆಲ್ಲ ಬೀಗ ಬಿದ್ದಿದ್ದರೆ ಆ ವಾರದ ಬಟವಾಡೆ ಹೇಗೆ ಮಾಡುತ್ತೀರಿ? ಕೊಯ್ಲಿಗೆ ಬಂದವರು ಅಂಗಡಿ ಸಾಲ ತೀರಿಸುವುದೇ ಆ ದುಡ್ಡಿನಲ್ಲಿ.

ಫಾರ್ವರ್ಡ್ ಮಾಡಲು ಆಗದ ಕಡೆಯೂ ಇದೆ. ಮೊಬೈಲ್ ಡಾಂಗಲ್, ಎಷ್ಟೋ ಫೈಬರ್ ಕನೆಕ್ಷನ್‌ಗಳಲ್ಲಿ ನಿಮಗೆ ಅಂತಲೇ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ನೇರ ತಲುಪಬಹುದಾದ ಇಂಟರ್ನೆಟ್ ವಿಳಾಸ ಸಿಗುವುದಿಲ್ಲ. ಎರಡಕ್ಕೂ ಮದ್ದು ವಿಪಿಎನ್, ಅಂದರೆ ಇಂಟರ್ನೆಟ್ಟಿನ ಮೇಲೆಯೇ ನಿಮ್ಮ ಕಂಪ್ಯೂಟರುಗಳಿಗೆ ಮಾತ್ರ ಇರುವ ಖಾಸಗಿ ದಾರಿ. ವೈರ್‌ಗಾರ್ಡ್, ಟೇಲ್‌ಸ್ಕೇಲ್ ಅಂಥ ಎರಡು ವಿಪಿಎನ್‌ಗಳು. ರೂಟರಿನಲ್ಲಿ ವೈರ್‌ಗಾರ್ಡ್ ಇದ್ದು, ಪಬ್ಲಿಕ್ ಐಪಿಯೂ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಟೇಲ್‌ಸ್ಕೇಲ್ ಹಾಕಿ, ಅದಕ್ಕೆ ಪಬ್ಲಿಕ್ ಐಪಿ ಬೇಡ. ಸರ್ವರ್‌ನಲ್ಲೂ ತೋಟದ ಲ್ಯಾಪ್‌ಟಾಪಿನಲ್ಲೂ ಇನ್‌ಸ್ಟಾಲ್ ಮಾಡಿ ಒಂದೇ ಅಕೌಂಟಿನ ನೆಟ್‌ವರ್ಕಿಗೆ ಸೇರಿಸಿದರೆ ಎರಡಕ್ಕೂ 100ರಿಂದ ಶುರುವಾಗುವ ಒಂದೊಂದು ವಿಳಾಸ ಸಿಗುತ್ತದೆ. ತೋಟದಿಂದ ಕನೆಕ್ಟ್ ಆಗುವುದು ಆ ವಿಳಾಸಕ್ಕೆ.

ಟೇಲ್‌ಸ್ಕೇಲಿನಲ್ಲಿ ಎರಡು ಸಂಗತಿ ಮರೆಯಲೇಬೇಡಿ. ಸರ್ವರ್‌ನ ಟೇಲ್‌ಸ್ಕೇಲ್ ಐಕಾನ್ ಒತ್ತಿ, ಪ್ರಿಫರೆನ್ಸಸ್‌ನಲ್ಲಿ ರನ್ ಅನ್‌ಅಟೆಂಡೆಡ್ ಆನ್ ಮಾಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದು ಸರ್ವರ್ ತಾನೇ ಎದ್ದರೂ, ಯಾರಾದರೂ ಅದರ ಮುಂದೆ ಕೂತು ಲಾಗಿನ್ ಆಗುವ ತನಕ ವಿಪಿಎನ್ ಏಳುವುದಿಲ್ಲ. ಎರಡನೆಯದು, ಕೀ ಎಕ್ಸ್‌ಪೈರಿ. ಸುಮ್ನೆ ಬಿಟ್ಟರೆ 180 ದಿನಕ್ಕೆ ಮತ್ತೆ ಲಾಗಿನ್ ಕೇಳುತ್ತದೆ. ಜೂನಿನಲ್ಲಿ ಹಾಕಿದ್ದು ಸರಿಯಾಗಿ ಡಿಸೆಂಬರ್ ಕೊಯ್ಲಿನ ನಡುವೆ ನಿಲ್ಲುತ್ತದೆ. ಅಡ್ಮಿನ್ ಪುಟದಲ್ಲಿ ಸರ್ವರ್‌ಗೆ ಮಾತ್ರ ಅದನ್ನು ಡಿಸೇಬಲ್ ಮಾಡಿ, ಲ್ಯಾಪ್‌ಟಾಪುಗಳಿಗೆ ಹಾಗೇ ಇರಲಿ.

ನಂತರ ಸರ್ವರ್‌ನ ಫೈರ್‌ವಾಲ್. ಇನ್‌ಬೌಂಡ್ ರೂಲ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಯೂಸರ್ ಮೋಡ್ ಅಂತ ಟಿಸಿಪಿಗೆ ಒಂದು, ಯುಡಿಪಿಗೆ ಒಂದು ರೂಲ್ ಇರುತ್ತವೆ. ಎರಡರ ಪ್ರಾಪರ್ಟೀಸ್‌ನಲ್ಲೂ ಸ್ಕೋಪ್‌ಗೆ ಹೋಗಿ, ರಿಮೋಟ್ ಐಪಿ ಜಾಗದಲ್ಲಿ ನಿಮ್ಮ ಆಫೀಸಿನ ನೆಟ್‌ವರ್ಕ್, ಉದಾಹರಣೆಗೆ 192.168.1.0/24, ಮತ್ತು ಟೇಲ್‌ಸ್ಕೇಲಿನ 100.64.0.0/10 ಹಾಕಿ, ವೈರ್‌ಗಾರ್ಡ್ ಆದರೆ ಅದರ ನೆಟ್‌ವರ್ಕ್ ಹಾಕಿ. ಮುಂದೆ ಯಾರೋ ತಿಳಿಯದೆ ರೂಟರಿನಲ್ಲಿ ಪೋರ್ಟ್ ತೆರೆದರೂ ಇಂಟರ್ನೆಟ್ಟಿನಿಂದ ಬಂದವರನ್ನು ಸರ್ವರ್ ಮಾತಾಡಿಸುವುದಿಲ್ಲ.

ಎಷ್ಟು ಜನ ಒಟ್ಟಿಗೆ ಬರಬಹುದು? ವಿಂಡೋಸ್ ಸರ್ವರ್ ಬೇರೆ ಲೈಸೆನ್ಸ್ ಇಲ್ಲದೆ ಇಬ್ಬರನ್ನು ಬಿಡುತ್ತದೆ. ಆದರೆ ಅದು ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಕೊಟ್ಟಿರುವುದು. ದಿನವೂ ಲೆಕ್ಕ ಬರೆಯುವವರಿಗೆ ರಿಮೋಟ್ ಡೆಸ್ಕ್‌ಟಾಪ್ ಸರ್ವೀಸಸ್ ರೋಲ್ ಹಾಕಿ ಕ್ಯಾಲ್, ಅಂದರೆ ಬಳಸುವವರಿಗೋ ಕಂಪ್ಯೂಟರಿಗೋ ಒಂದೊಂದರಂತೆ ಬೇಕಾದ ಲೈಸೆನ್ಸ್ ಕೊಳ್ಳಬೇಕು. ರೋಲ್ ಹಾಕಿದ ಮೇಲೆ 120 ದಿನ ಲೈಸೆನ್ಸ್ ಇಲ್ಲದೆ ನಡೆಯುತ್ತದೆ, ಆಮೇಲೆ ನಿಲ್ಲುತ್ತದೆ. ಕೊಳ್ಳುವಾಗ ಒಂದು ಮಾತು ನೆನಪಿಡಿ. ನಮ್ಮ ಕಡೆಯ ಸಣ್ಣ ಆಫೀಸುಗಳಲ್ಲಿ ಎಲ್ಲ ಅಕೌಂಟುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಡೊಮೇನ್ ಇರುವುದಿಲ್ಲ, ಬರೀ ವರ್ಕ್‌ಗ್ರೂಪ್. ಅಂಥ ಕಡೆ ಪರ್ ಡಿವೈಸ್ ಕ್ಯಾಲ್ ತೆಗೆದುಕೊಳ್ಳಿ. ಸರ್ವರ್ 2019ರಿಂದೀಚೆಗೆ ವರ್ಕ್‌ಗ್ರೂಪಿನಲ್ಲಿ ಪರ್ ಯೂಸರ್ ಹಾಕಿದರೆ ಲೈಸೆನ್ಸ್ ತೊಂದರೆ ಅಂತ ಹೇಳಿ 60 ನಿಮಿಷಕ್ಕೆ ಸೆಶನ್ ಕಡಿಯುತ್ತದೆ. ಅಂಗಡಿಯವರು ಇದನ್ನು ಕೇಳದೆ ಇದ್ದರೆ ನೀವೇ ಹೇಳಿ.

ತೋಟದ ಲ್ಯಾಪ್‌ಟಾಪಿನಲ್ಲಿ ಸ್ಟಾರ್ಟ್ ಒತ್ತಿ ರಿಮೋಟ್ ಡೆಸ್ಕ್‌ಟಾಪ್ ಕನೆಕ್ಷನ್ ಹುಡುಕಿ. ಶೋ ಆಪ್ಶನ್ಸ್ ತೆರೆದು ಡಿಸ್‌ಪ್ಲೇಯಲ್ಲಿ ಬಣ್ಣವನ್ನು 16 ಬಿಟ್‌ಗೆ ಇಳಿಸಿ, ಎಕ್ಸ್‌ಪೀರಿಯನ್ಸ್‌ನಲ್ಲಿ ಹಿನ್ನೆಲೆ ಚಿತ್ರ, ಅನಿಮೇಶನ್ ಎಲ್ಲದರ ಟಿಕ್ ತೆಗೆಯಿರಿ. ಬಿಟ್‌ಮ್ಯಾಪ್ ಕ್ಯಾಶಿಂಗ್ ಮಾತ್ರ ಇರಲಿ. ಸಿಗ್ನಲ್ ಕಮ್ಮಿ ಇರುವ ಕಡೆ ಇಷ್ಟರಿಂದಲೇ ತುಂಬಾ ವ್ಯತ್ಯಾಸ ಆಗುತ್ತದೆ. ಲೋಕಲ್ ರಿಸೋರ್ಸಸ್‌ನಲ್ಲಿ ಪ್ರಿಂಟರ್ ಟಿಕ್ ಇರಲಿ, ತೋಟದ ಪ್ರಿಂಟರಿನಲ್ಲೇ ಬಟವಾಡೆ ಪಟ್ಟಿ ಬರುತ್ತದೆ. ಡ್ರೈವ್ಸ್ ಟಿಕ್ ಬೇಡ, ಲ್ಯಾಪ್‌ಟಾಪಿನ ವೈರಸ್ ಸರ್ವರ್ ಕಡೆ ದಾಟಲು ಅದೊಂದು ಸೇತುವೆ. ಎಲ್ಲ ಸರಿಯಾದ ಮೇಲೆ ಸೇವ್ ಆ್ಯಸ್ ಮಾಡಿ ಐಕಾನನ್ನು ಡೆಸ್ಕ್‌ಟಾಪಿನಲ್ಲಿಡಿ. ರೈಟ್ರು ಅದನ್ನು ಎರಡು ಸಲ ಒತ್ತಿದರೆ ಸಾಕು.

ಅವರಿಗೆ ಪಕ್ಕದಲ್ಲಿ ಕೂತು ಒಂದು ವಿಷಯ ಕಲಿಸಿ. "ರೈಟ್ರೇ, ಮೇಲಿನ X ಗುರುತು ಒತ್ತಿದರೆ ಮುಚ್ಚಿದ ಹಾಗೆ ಕಾಣುತ್ತದೆ, ಆದರೆ ಒಳಗೆ ಎಲ್ಲ ತೆರೆದೇ ಇರುತ್ತದೆ. ಕೆಲಸ ಮುಗಿದ ಮೇಲೆ ಸ್ಟಾರ್ಟಿಗೆ ಹೋಗಿ ಸೈನ್ ಔಟ್ ಕೊಡಿ." ಲೈನ್ ಕಡಿದಾಗ ಕೆಲಸ ಉಳಿಯುವುದಕ್ಕೂ ಇದೇ ಕಾರಣ, ಬೇರೆಯವರಿಗೆ ಜಾಗ ಸಿಗದೆ ಇರುವುದಕ್ಕೂ ಇದೇ ಕಾರಣ. ಗ್ರೂಪ್ ಪಾಲಿಸಿಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ಸೆಶನ್ ಹೋಸ್ಟ್ ಕೆಳಗೆ ಸೆಶನ್ ಟೈಮ್ ಲಿಮಿಟ್ಸ್ ಇದೆ. ಡಿಸ್ಕನೆಕ್ಟ್ ಆದ ಸೆಶನ್ ಎಷ್ಟು ಹೊತ್ತಿಗೆ ಮುಗಿಯಬೇಕು ಅಂತ ಅಲ್ಲಿ ಹೇಳಬಹುದು. ಹದಿನೈದು ನಿಮಿಷ ಅಂತ ಇಡಬೇಡಿ. ಮಳೆಗೆ ನೆಟ್ ಅಷ್ಟು ಬೇಗ ಬರುವುದಿಲ್ಲ, ಸೇವ್ ಆಗದ್ದೆಲ್ಲ ಹೋಗುತ್ತದೆ. ನಾನು ಎಂಟು ಗಂಟೆ ಇಡುತ್ತೇನೆ.

ಕರೆಂಟಿನ ಮಾತಿಗೆ ಬರೋಣ, ಮಲೆನಾಡಿನಲ್ಲಿ ಅರ್ಧ ಕೆಲಸ ಇದೇ. ಸರ್ವರ್‌ನ ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮೊದಲು ತೆರೆಯುವ ಸೆಟ್ಟಿಂಗ್ ಪುಟದಲ್ಲಿ, ರಿಸ್ಟೋರ್ ಆನ್ ಎಸಿ ಪವರ್ ಲಾಸ್, ಅಥವಾ ಅದೇ ಅರ್ಥದ ಇನ್ನೊಂದು ಹೆಸರು ಇರುತ್ತದೆ. ಅದನ್ನು ಪವರ್ ಆನ್ ಮಾಡಿ, ಕರೆಂಟ್ ಬಂದ ಕೂಡಲೇ ಸರ್ವರ್ ತಾನೇ ಏಳುತ್ತದೆ. ಆದರೆ ಯುಪಿಎಸ್ ಇದ್ದಾಗ ಒಂದು ಸೂಕ್ಷ್ಮ ಇದೆ. ಬ್ಯಾಟರಿ ಇಳಿಯಿತು ಅಂತ ಯುಪಿಎಸ್ ಸಾಫ್ಟ್‌ವೇರ್ ಸರ್ವರನ್ನು ಶಟ್‌ಡೌನ್ ಮಾಡುತ್ತದೆ. ಬ್ಯಾಟರಿ ಪೂರ್ತಿ ಖಾಲಿಯಾಗುವ ಮೊದಲೇ ಕರೆಂಟ್ ಬಂದುಬಿಟ್ಟರೆ, ಸರ್ವರ್ ಪಾಲಿಗೆ ಕರೆಂಟ್ ಹೋಗಲೇ ಇಲ್ಲ. ಹಾಗಾಗಿ ಅದು ಏಳುವುದೂ ಇಲ್ಲ. ಶಟ್‌ಡೌನ್ ಆದ ಮೇಲೆ ಯುಪಿಎಸ್ ತನ್ನ ಔಟ್‌ಪುಟ್ಟನ್ನೂ ಆಫ್ ಮಾಡುವಂತೆ ಅದರ ಸಾಫ್ಟ್‌ವೇರ್‌ನಲ್ಲಿ ಸೆಟ್ಟಿಂಗ್ ಇದ್ದರೆ ಆನ್ ಮಾಡಿ. ಯುಪಿಎಸ್ ಕೊಳ್ಳುವಾಗಲೇ ಇದನ್ನು ಕೇಳಿ. ರೂಟರ್, ಫೈಬರ್ ಡಬ್ಬಿ ಎರಡಕ್ಕೂ ಯುಪಿಎಸ್ ಬೇಕು, ಇಲ್ಲದಿದ್ದರೆ ಸರ್ವರ್ ಓಡುತ್ತಿದ್ದರೂ ತಲುಪಲಾಗುವುದಿಲ್ಲ. ಸರ್ವರ್ ಬದಲು ವಿಂಡೋಸ್ ಪ್ರೊ ಇಟ್ಟವರು ಸ್ಲೀಪ್ ಅನ್ನು ನೆವರ್ ಮಾಡಿಡಿ.

ಪೇಟೆ ಆಫೀಸು ಬಿಡುವ ಮೊದಲು ಪರೀಕ್ಷೆ ಮಾಡಿ. ಲ್ಯಾಪ್‌ಟಾಪಿನ ವೈಫೈಯನ್ನು ಆಫೀಸಿನಿಂದ ಬಿಡಿಸಿ ಮೊಬೈಲ್ ಹಾಟ್‌ಸ್ಪಾಟಿಗೆ ಹಾಕಿ ಕನೆಕ್ಟ್ ಆಗಿ. ಬಂತಾ? ಈಗ ಸರ್ವರನ್ನು ರೀಸ್ಟಾರ್ಟ್ ಮಾಡಿ, ಯಾರೂ ಲಾಗಿನ್ ಆಗದೆ ಹಾಗೇ ಬಿಟ್ಟು ಮತ್ತೆ ಪ್ರಯತ್ನಿಸಿ. ಆಗಲೂ ಬಂದರೆ ಮಾತ್ರ ಕೆಲಸ ಮುಗಿದ ಲೆಕ್ಕ. ಈ ಎರಡನೇ ಪರೀಕ್ಷೆ ಬಿಟ್ಟರೆ ಮೊದಲ ಗುಡುಗಿಗೇ ತೋಟದಿಂದ ಪೇಟೆಗೆ ಗಾಡಿ ಓಡಿಸಬೇಕಾಗುತ್ತದೆ.

ತಿಂಗಳಿಗೊಮ್ಮೆ ಈವೆಂಟ್ ವ್ಯೂವರ್ ತೆರೆದು ಸೆಕ್ಯೂರಿಟಿ ಲಾಗಿನಲ್ಲಿ 4625 ಅಂತ ಫಿಲ್ಟರ್ ಹಾಕಿ ನೋಡಿ. ಸೋತ ಲಾಗಿನ್‌ಗಳೆಲ್ಲ ಅಲ್ಲಿರುತ್ತವೆ. ರೈಟ್ರ ಹೆಸರಿನಲ್ಲಿ ಒಂದೆರಡು ಇದ್ದರೆ ಪಾಸ್‌ವರ್ಡ್ ತಪ್ಪಾಗಿರಬಹುದು. ಗೊತ್ತಿಲ್ಲದ ಹೆಸರುಗಳು ಸಾಲುಗಟ್ಟಿದ್ದರೆ ಎಲ್ಲೋ ದಾರಿ ತೆರೆದಿದೆ, ರೂಟರಿನ ಪೋರ್ಟ್ ಫಾರ್ವರ್ಡಿಂಗ್ ಪುಟವನ್ನೂ ಫೈರ್‌ವಾಲಿನ ಸ್ಕೋಪನ್ನೂ ಆವತ್ತೇ ನೋಡಿ. ಯಾರಾದರೂ ಕೆಲಸ ಬಿಟ್ಟರೆ ಅವರ ವಿಂಡೋಸ್ ಅಕೌಂಟನ್ನು ಅದೇ ದಿನ ಡಿಸೇಬಲ್ ಮಾಡಿ. ಅಳಿಸಬೇಡಿ, ಅವರ ಫೈಲುಗಳು ಬೇಕಾಗುತ್ತವೆ. ಟೇಲ್‌ಸ್ಕೇಲ್ ಪಟ್ಟಿಯಿಂದ ಅವರ ಲ್ಯಾಪ್‌ಟಾಪನ್ನೂ, ಫೋನನ್ನೂ ತೆಗೆಯಿರಿ.