ರೈಜನ್ ಲ್ಯಾಪ್‌ಟಾಪ್ ತಗೊಳ್ಳುವ ಮುಂಚೆ ಮೂರನೇ ಅಂಕಿ ನೋಡಿ
ಹಾಸನದ ಬಿ.ಎಂ. ರಸ್ತೆ ಕಡೆ ಮಕ್ಕಳಿಗೆ ಲ್ಯಾಪ್‌ಟಾಪ್ ನೋಡಲು ಹೋಗುವವರು ಇದೊಂದು ನೆನಪಿಡಿ: ಎಎಂಡಿ ಕಂಪನಿಯ ರೈಜನ್ 7000 ಸರಣಿಯಾದರೆ ಪ್ರೊಸೆಸರ್ (ಲ್ಯಾಪ್‌ಟಾಪಿನ ಮುಖ್ಯ ಚಿಪ್) ನಂಬರಿನ ಮೂರನೇ ಅಂಕಿ 3 ಅಥವಾ ಅದಕ್ಕಿಂತ ಜಾಸ್ತಿ ಇರಲಿ. ಮೊದಲ ಅಂಕಿ ಬರೀ ವರ್ಷದ ಲೆಕ್ಕ, ಒಳಗಿನ ವಿನ್ಯಾಸ ಹಳೆಯದೋ ಹೊಸದೋ ಅಂತ ಹೇಳುವುದು ಮೂರನೆಯದು. 7520ಯು, 7530ಯು ಎರಡರ ಮೇಲೂ ರೈಜನ್ 5 ಅಂತಲೇ ಸ್ಟಿಕರ್ ಇರುತ್ತದೆ, ನೋಡಿದರೆ ಅಕ್ಕತಂಗಿಯರ ಹಾಗೆ, ಆದರೆ ಮೊದಲನೆಯದು 2019ರಲ್ಲಿ ಬಂದ ಝೆನ್ 2 ವಿನ್ಯಾಸ, ಕೋರ್ (ಚಿಪ್ಪಿನೊಳಗೆ ಕೆಲಸ ಮಾಡುವ ಘಟಕ) ನಾಲ್ಕೇ. ಎರಡನೆಯದು ಝೆನ್ 3, ಆರು ಕೋರ್. ಇನ್ನೂ ಒಂದು ಇದೆ. 7520ಯು ಇರುವ ಲ್ಯಾಪ್‌ಟಾಪಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹಾಕಿಸಿಕೊಳ್ಳೋಣ ಅಂದರೆ ಆಗುವುದಿಲ್ಲ, 8 ಜಿಬಿ ತಗೊಂಡರೆ ಕೊನೆವರೆಗೂ 8 ಜಿಬಿನೇ. ಮೂರನೇ ಅಂಕಿಯ ಈ ಲೆಕ್ಕ ಬೇರೆ ಕಂಪನಿಯಾದ ಇಂಟೆಲ್‌ಗೆ ನಡೆಯುವುದಿಲ್ಲ. ರೈಜನ್ 5000 ಸರಣಿಗೂ, ಆಮೇಲೆ ಬಂದ ರೈಜನ್ ಎಐ 300ಕ್ಕೂ ಇಲ್ಲ, ಅವುಗಳ ನಂಬರಿನ ಕ್ರಮವೇ ಬೇರೆ. ಹಾಗೇ 7530ಯು, 7535ಯು ನಡುವೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಟೈಪಿಂಗ್, ಆನ್‌ಲೈನ್ ಕ್ಲಾಸು, ತೋಟದ ಲೆಕ್ಕ ಇಷ್ಟಕ್ಕೆ ಎರಡೂ ಒಂದೇ, 7535ಯುಗೆ ಹೆಚ್ಚು ಕೇಳಿದರೆ ಆ ದುಡ್ಡಲ್ಲಿ 16 ಜಿಬಿ ರ‍್ಯಾಮ್ ಇರುವುದನ್ನು ಕೇಳಿ ತಗೊಳ್ಳಿ.